ಕಂಪಾದ್ರೆಯ ಜೈಲು

ಜುಲೈ 13, ಸೋಮವಾರ

ಅವನ ನಾಲಿಗೆ ಸೇದಿಹೋಗಲಿ. ಇದನ್ನು ಗಟ್ಟಿಯಾಗಿ ಹೇಳುವ ಹಾಗಿಲ್ಲ. ಈ ಊರಿನಲ್ಲಿ ನಮ್ಮವರ ಮುಂದೆ ಯಾರನ್ನು ಬೈದರೂ ಸಂಜೆಯೊಳಗೆ ಅವರ ಕಿವಿಗೆ ಮುಟ್ಟುತ್ತದೆ. ಅದಕ್ಕೇ ಇಲ್ಲಿ ಬರೆದು ಬೈಯುತ್ತಿದ್ದೇನೆ.

ಶನಿವಾರ ಸಂಜೆ ನನ್ನ ಗಂಡ ಫೆರ್ಮಿನ್ ಫುಟ್‌ಬಾಲ್ ಆಡಿ ಮನೆಗೆ ಬರುತ್ತಿದ್ದ. ಟ್ರಕ್ಕಿನ ಹಿಂದಿನ ದೀಪ ಒಡೆದಿತ್ತು. ಸರಿಮಾಡಿಸು ಎಂದು ಈ ಹೆಂಡತಿ ದಿನಾ ಬಡಿದುಕೊಳ್ಳುತ್ತಿದ್ದಳು, ಅವನು ದಿನಾ ನಾಳೆ ಅನ್ನುತ್ತಿದ್ದ. ಪೊಲೀಸಿನವನು ನಿಲ್ಲಿಸಿದ, ಲೈಸೆನ್ಸ್ ಇಲ್ಲ, ಕೌಂಟಿಯ, ಅಂದರೆ ಈ ಜಿಲ್ಲೆಯ, ಜೈಲಿಗೆ ಕರೆದುಕೊಂಡು ಹೋದ. ಇದೇನು ಹೊಸದಲ್ಲ. ಅಣಬೆ ಶೆಡ್ಡಿನಲ್ಲಿ ನನ್ನ ಜೊತೆ ಕೊಯ್ಯುವ ಎಷ್ಟೋ ಹೆಂಗಸರ ಗಂಡಂದಿರು ಹಾಗೆ ಒಂದು ರಾತ್ರಿ ಕಳೆದು, ದಂಡ ಕಟ್ಟಿ, ಬೆಳಿಗ್ಗೆ ಮನೆಗೆ ಬಂದು ತಿಂಡಿ ತಿಂದಿದ್ದಾರೆ. ಎಲ್ಲಿ ಹುಟ್ಟಿದ್ದು ಎಂದು ಕೇಳಿದರೆ ಬಾಯಿ ಬಿಡಬೇಡಿ ಎಂದು ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದಾರೆ. ಫೆರ್ಮಿನ್ ಬಾಯಿ ಬಿಡಲಿಲ್ಲ. ಬರೆದುಕೊಳ್ಳುವ ಹುಡುಗಿ ಎರಡು ಸಲ ಕೇಳಿ, ಬೇಸತ್ತು, ಮುಂದಿನ ಪ್ರಶ್ನೆಗೆ ಹೋಗುವವಳಿದ್ದಳಂತೆ.

ಅಷ್ಟರಲ್ಲಿ ಒಳಗಿನಿಂದ ನಜಾರಿಯೊ ಬಂದ. ಜೈಲಿನ ಕ್ಯಾಪ್ಟನ್. ನಮ್ಮ ಮಗಳು ಯಾರೆಲಿಗೆ ಜ್ಞಾನಸ್ನಾನ ಮಾಡಿಸುವಾಗ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಂದೆ, ಅಂದರೆ ನನ್ನ ಗಂಡನಿಗೆ ಕಂಪಾದ್ರೆ. ಅಣ್ಣತಮ್ಮಂದಿರು ಬೇಕಾದರೆ ಹೊಡೆದಾಡಬಹುದು, ಕಂಪಾದ್ರೆಗಳು ಜೋರಾಗಿ ಮಾತಾಡುವ ಹಾಗೂ ಇಲ್ಲ. ಒಟ್ಟಿಗೆ ಗೋಲಿ ಆಡಿ ಬೆಳೆದವರು ಆವತ್ತಿನಿಂದ ಒಬ್ಬರನ್ನೊಬ್ಬರು ನೀವು ಎನ್ನುತ್ತಾರೆ. ಬಂದವನೇ ಫೆರ್ಮಿನ್‌ನನ್ನು ತಬ್ಬಿಕೊಂಡು ಆ ಹುಡುಗಿಗೆ ಹೇಳಿದನಂತೆ: "ಇವರು ನಮ್ಮ ಕಂಪಾದ್ರೆ ಕಣಮ್ಮ. ಸಕಾತೆಕಾಸ್‌ನಲ್ಲಿ ಇಬ್ಬರದೂ ಒಂದೇ ಹಳ್ಳಿ, ನಮ್ಮನೆಯಿಂದ ಎರಡು ಮನೆ ಆಚೆ ಹುಟ್ಟಿದವರು. ಚೆನ್ನಾಗಿ ನೋಡ್ಕೋ."

ಹುಡುಗಿ ಚೆನ್ನಾಗಿಯೇ ನೋಡಿಕೊಂಡಳು. ಹುಟ್ಟಿದ್ದು ಮೆಕ್ಸಿಕೊ ಎಂದು ಕಂಪ್ಯೂಟರಿನಲ್ಲಿ ಒತ್ತಿದಳು. ಭಾನುವಾರ ಬೆಳಿಗ್ಗೆ ಮನೆಗೆ ಬಿಡುವ ಬದಲು ಮೂರನೇ ಮಹಡಿಗೆ ಹತ್ತಿಸಿದರು. ಆ ಮಹಡಿಯನ್ನು ನಮ್ಮ ಟಾಲ್ಬರ್ನ್ ಕೌಂಟಿ ಕೇಂದ್ರ ಸರ್ಕಾರದ ವಲಸೆ ಇಲಾಖೆಗೆ ಬಾಡಿಗೆ ಕೊಟ್ಟಿದೆ. ಕೆಳಗೆ ಕಳ್ಳರು, ಕುಡುಕರು, ಮೇಲೆ ನಮ್ಮವರು. ನನ್ನ ಕಾಗದಗಳು ಸರಿಯಿವೆ, ಯಾರೆಲಿ ಇಲ್ಲೇ ಹುಟ್ಟಿದವಳು. ಫೆರ್ಮಿನ್‌ದು ಮಾತ್ರ ಇಷ್ಟು ವರ್ಷವಾದರೂ ಆಗಿಲ್ಲ. ಇದು ನಜಾರಿಯೊಗೆ ಚೆನ್ನಾಗಿ ಗೊತ್ತಿತ್ತು.

ಪಾಪ, ಕಂಪಾದ್ರೆ ಒಳ್ಳೆಯದಕ್ಕೇ ಹೇಳಿದ್ದು ಎಂದು ಫೆರ್ಮಿನ್ ಫೋನಿನಲ್ಲಿ ನನಗೇ ಸಮಾಧಾನ ಹೇಳುತ್ತಾನೆ. ಒಳ್ಳೆಯದಕ್ಕಂತೆ. ನಜಾರಿಯೊ ನವೆಂಬರಿನಲ್ಲಿ ಶೆರಿಫ್ ಚುನಾವಣೆಗೆ, ಕೌಂಟಿಯ ಪೊಲೀಸರಿಗೆಲ್ಲ ಮುಖ್ಯಸ್ಥನಾಗಲು, ನಿಂತಿದ್ದಾನೆ. ತನ್ನವರನ್ನೂ ಬಿಡುವವನಲ್ಲ ಎಂದು ಬಿಳಿಯರಿಗೆ ತೋರಿಸಬೇಕಿತ್ತು, ತೋರಿಸಿದ. ನಮ್ಮ ಮನೆಯ ಅನ್ನ ತಿಂದ ಬಾಯಿಂದಲೇ ತೋರಿಸಿದ.

ಜುಲೈ 19, ಭಾನುವಾರ

ಗಾಜಿನ ಆಚೆ ಫೆರ್ಮಿನ್, ಈಚೆ ನಾನು ಮತ್ತು ಯಾರೆಲಿ. ಮಾತಾಡಲು ಒಂದು ಫೋನು, ಅದರ ತಂತಿ ಸಡಿಲ, ಹಿಡಿದುಕೊಂಡೇ ಇರಬೇಕು. ಕಿತ್ತಳೆ ಬಣ್ಣದ ಅಂಗಿಯಲ್ಲಿ ನನ್ನ ಗಂಡ ಯಾರದೋ ಅಣ್ಣನ ಥರ ಕಾಣುತ್ತಿದ್ದ. ಅವನ ಎಡಗೈಯ ಉಗುರಿನಲ್ಲಿ ಇನ್ನೂ ಗ್ಯಾರೇಜಿನ ಮಸಿ ಇತ್ತು. ಅದನ್ನು ನೋಡಿ ಅಳು ಬಂತು, ತಡೆದುಕೊಂಡೆ. ಯಾರೆಲಿ ತಡೆದುಕೊಳ್ಳಲಿಲ್ಲ. ಅವಳನ್ನು ನಗಿಸಲು ಅವನು ಗಾಜಿಗೆ ಮೂಗು ಒತ್ತಿ ಹಂದಿಯ ಹಾಗೆ ಮಾಡಿದ.

ವಕೀಲೆ ಹ್ಯಾಲೊರಾನ್ ಸಿಕ್ಕಿದ್ದಾರೆ, ಚರ್ಚಿನವರು ಗೊತ್ತುಮಾಡಿಕೊಟ್ಟದ್ದು. ವಯಸ್ಸಾದ ಹೆಂಗಸು, ಬೇಗ ಬೇಗ ಮಾತಾಡುತ್ತಾರೆ. ನಗರದ ವಲಸೆ ನ್ಯಾಯಾಲಯದಲ್ಲಿ ನವೆಂಬರ್ ಹತ್ತೊಂಬತ್ತಕ್ಕೆ ವಿಚಾರಣೆ. ಆ ನ್ಯಾಯಾಧೀಶರು ಎದುರಿಗೆ ಕೂತವರ ಮುಖ ನೋಡಿ ಕೇಳಿಸಿಕೊಳ್ಳುವವರಂತೆ. ಇಲ್ಲೇ ಹುಟ್ಟಿದ ಮಗಳಿದ್ದಾಳೆ, ಅವಳ ಮೇಷ್ಟ್ರುಗಳು, ಗ್ಯಾರೇಜಿನ ಯಜಮಾನ ಬಂದು ಸಾಕ್ಷಿ ಹೇಳುತ್ತಾರೆ, ಗೆಲ್ಲುವ ಮೊಕದ್ದಮೆ ಎಂದರು. ಒಂದೇ ಮಾತನ್ನು ಮೂರು ಸಲ ಹೇಳಿದರು. ಹತ್ತೊಂಬತ್ತರವರೆಗೆ ಅವನು ಈ ಜೈಲಿನಲ್ಲೇ ಇರಬೇಕು. ಬೇರೆ ರಾಜ್ಯಕ್ಕೆ ಸಾಗಿಸಿದರೆ ಬೇರೆ ನ್ಯಾಯಾಧೀಶ, ಎಲ್ಲ ಮೊದಲಿನಿಂದ, ಸಾಕ್ಷಿಗಳೂ ಹೋಗಲಾರರು.

ಹೊರಡುವಾಗ ಫೆರ್ಮಿನ್, ಕಂಪಾದ್ರೆ ಬೆಳಿಗ್ಗೆ ತಾವೇ ಕಾಫಿ ತಂದುಕೊಟ್ಟರು, ಅವರ ಜೊತೆ ಜಗಳಕ್ಕೆ ಹೋಗಬೇಡ ಎಂದ. ನನ್ನ ಮೈ ಉರಿದುಹೋಯಿತು.

ಜುಲೈ 26, ಭಾನುವಾರ

ಪೂಜೆ ಮುಗಿಸಿ ಚರ್ಚಿನಿಂದ ಇಳಿಯುತ್ತಿದ್ದೆ. ಮೆಟ್ಟಿಲ ಕೆಳಗೆ ನಜಾರಿಯೊ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅವನ ಹೆಂಡತಿ ಎಲ್ವಿರಾ ಹಿಂದೆ ನಿಂತಿದ್ದಳು. ಅವನಿಗೆ ನಾನು ಕೊಮಾದ್ರೆ, ಧರ್ಮಮಗಳ ತಾಯಿ.

"ಕೊಮಾದ್ರೆ, ನಾನು ಅವರ ಪರವಾಗಿ ಮಾತಾಡಿದೆ ಅಷ್ಟೆ. ನಮ್ಮೂರವರು ಅಂದರೆ ಹುಡುಗರು ಕೈ ಮಾಡಲ್ಲ, ಒಳ್ಳೆ ಹಾಸಿಗೆ ಕೊಡ್ತಾರೆ ಅಂತ. ಬಾಯಿಗೆ ಬಂದುಬಿಡ್ತು."

ನಮ್ಮವರು ಹೀಗೇ, ನಿಜ. ಯಾರನ್ನಾದರೂ ಯಾರಿಗಾದರೂ ಪರಿಚಯ ಮಾಡಿಸುವಾಗ ಹೆಸರಿಗಿಂತ ಮೊದಲು ಹಳ್ಳಿ ಹೇಳುತ್ತೇವೆ. ನನ್ನಪ್ಪ ಆಸ್ಪತ್ರೆಯ ನರ್ಸಿಗೂ ಹಳ್ಳಿಯ ಹೆಸರೇ ಮೊದಲು ಹೇಳುತ್ತಿದ್ದ. ಆದರೆ ಇವನು ಹಳ್ಳಿಯ ಮುದುಕನಲ್ಲ. ಜೈಲಿನ ಆ ಮೇಜಿನ ಮುಂದೆ ಏನು ಹೇಳಿದರೆ ಏನಾಗುತ್ತದೆ ಎಂದು ಇವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು.

"ನಿಮ್ಮ ಬಾಯಿಗೆ ಬಂದದ್ದು ನನ್ನ ಮನೆಗೆ ಬಂತು, ಕಂಪಾದ್ರೆ," ಎಂದೆ. ಎಲ್ಲರಿಗೂ ಕೇಳಿಸುವ ಹಾಗೆ ಎಂದೆ. ಪಾದ್ರಿಗಳೂ ತಿರುಗಿ ನೋಡಿದರು. ಅವನು ಟೋಪಿಯನ್ನು ತಿರುಗಿಸುತ್ತಾ ನಿಂತ. ಆ ಟೋಪಿಯನ್ನೂ, ಆ ಬಿಲ್ಲೆಯನ್ನೂ ಅವನ ಮೈಮೇಲಿಂದ ಇಳಿಸದೆ ನಾನು ಸಾಯುವುದಿಲ್ಲ.

ಆಗಸ್ಟ್ 9, ಭಾನುವಾರ

ದೇವರು ಕಣ್ಣು ಬಿಟ್ಟ.

ಗವರ್ನರ್ ಕಾನೂನಿಗೆ ಸಹಿ ಹಾಕಿದರಂತೆ. ಇನ್ನು ಮುಂದೆ ನಮ್ಮ ರಾಜ್ಯದ ಯಾವ ಕೌಂಟಿಯೂ, ಯಾವ ಊರೂ ತನ್ನ ಜೈಲನ್ನು ವಲಸೆ ಇಲಾಖೆಗೆ ಬಾಡಿಗೆ ಕೊಡುವ ಹಾಗಿಲ್ಲ. ಈಗಿರುವ ಕರಾರುಗಳು ಹೊಸ ವರ್ಷದೊಳಗೆ ಮುಗಿಯಬೇಕು. ಅದಕ್ಕೂ ಮುಂಚೆ ಮುಗಿಸುವುದಾದರೆ ಆಯಾ ಕೌಂಟಿ ಮಂಡಳಿಯ ಇಷ್ಟ. ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು, ಅತ್ತರು, ಯಾರೋ ಸಿಹಿ ಬ್ರೆಡ್ ಹಂಚಿದರು. ಹಾಸಿಗೆಯೇ ಇಲ್ಲ ಅಂದಮೇಲೆ ಎಲ್ಲಿ ಮಲಗಿಸುತ್ತಾರೆ, ಎಲ್ಲಿದ್ದಾರೆಂದು ತೋರಿಸುವ ಪಟ್ಟಿಯನ್ನು ಕಾಲಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾನೂ ಹೇಳಿದೆ.

ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ. ಮೂರನೇ ಮಹಡಿಯ ಬಾಡಿಗೆಯಿಂದಲೇ ನಿಮ್ಮ ರಸ್ತೆಗೆ ಡಾಂಬರು ಬಿತ್ತು, ನಿಮ್ಮ ತೆರಿಗೆ ಏರಲಿಲ್ಲ ಎಂದು ನಜಾರಿಯೊ ಊರೆಲ್ಲ ಹೇಳಿಕೊಂಡು ಮತ ಕೇಳುತ್ತಿದ್ದಾನೆ. ಚುನಾವಣೆಗೆ ಮುಂಚೆಯೇ ಆ ಮಹಡಿ ಖಾಲಿಯಾದರೆ ಅವನ ಕೈಯಲ್ಲಿ ಉಳಿಯುವುದು ಬೀಗದ ಕೈ ಗೊಂಚಲು. ಅದರ ಸದ್ದು ಕೇಳಿಸಿಕೊಂಡು ಮಲಗಲಿ.

ಆಗಸ್ಟ್ 23, ಭಾನುವಾರ

ಭೇಟಿಗೆ ಹೋಗಲಾಗಲಿಲ್ಲ. ಮಹಡಿಯನ್ನು ಈಗಲೇ ಮುಚ್ಚಿ ಎಂದು ಕೇಳಲು ಮಂಡಳಿಯ ಸದಸ್ಯರ ಮನೆಮನೆಗೆ ಹೋಗುವ ಗುಂಪಿನಲ್ಲಿ ನನ್ನ ಹೆಸರಿತ್ತು. ಮಂಡಳಿಯ ಅಧ್ಯಕ್ಷ ವಿಟ್‌ಕಾಂಬ್, ಜೋಳದ ಹೊಲದ ಮುದುಕ, ನಿಂಬೆ ಪಾನಕ ಕೊಟ್ಟು ಕೇಳಿಸಿಕೊಂಡ. ನಿನ್ನ ಮಾತಿನಲ್ಲಿ ಖಾರ ಇದೆಯಮ್ಮ ಎಂದ.

ಸಂಜೆ ಗೊತ್ತಾಯಿತು, ಯಾರೆಲಿ ಅಪ್ಪನನ್ನು ನೋಡಿ ಬಂದಿದ್ದಾಳೆ. ಹದಿನಾಲ್ಕರ ಹುಡುಗಿಯನ್ನು ಒಬ್ಬಳನ್ನೇ ಒಳಗೆ ಬಿಡುವುದಿಲ್ಲ. ಯಾರ ಜೊತೆ ಹೋಗಿದ್ದೆ ಎಂದರೆ ಎಲ್ವಿರಾ ಜೊತೆ. ಕೆನ್ನೆಗೆ ಬಾರಿಸಲು ಎತ್ತಿದ ಕೈ ಇಳಿಸಿದೆ. ಇನ್ನೊಂದು ಸಲ ಆ ಮನೆಯವರ ಕಾರು ಹತ್ತಿದರೆ ನೋಡು ಎಂದೆ. ಹಾಗಾದರೆ ನೀನೇ ಬಾ ಎಂದಳು. ಬಾಯಿ ಬೆಳೆಯುತ್ತಿದೆ.

ಸೆಪ್ಟೆಂಬರ್ 8, ಮಂಗಳವಾರ

ಇವತ್ತು ಮಂಡಳಿಯ ಸಭೆ. ಮೊದಲನೇ ಸಲ ಮೈಕಿನ ಮುಂದೆ ನಿಂತೆ. ಒಬ್ಬರಿಗೆ ಮೂರು ನಿಮಿಷ, ಆಮೇಲೆ ಕೆಂಪು ದೀಪ. ಹಸಿರು ದೀಪ ಇರುವಾಗ ಕಾಗದ ನೋಡಿ ಓದಿದೆ, ಹಳದಿ ಬರುವಷ್ಟರಲ್ಲಿ ಅದನ್ನು ಮಡಿಚಿಟ್ಟೆ. ಒಂಬತ್ತು ಜನ ಸದಸ್ಯರೂ ಕಾಗದದಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಅಣಬೆ ಶೆಡ್ಡಿನ ಕತ್ತಲಲ್ಲಿ ಬಗ್ಗಿಕೊಂಡೇ ದಿನ ಕಳೆದವಳನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ.

ನನ್ನ ನಂತರ ನಜಾರಿಯೊ. ಕರಾರು ಡಿಸೆಂಬರ್ ಕೊನೆಯವರೆಗೆ ನಡೆಯಲಿ, ಅವಸರ ಬೇಡ, ಒಳಗಿರುವವರ ವಿಚಾರಣೆಗಳು ಮುಗಿಯಲಿ ಎಂದು ಕೇಳಿಕೊಂಡ. ಒಳಗಿರುವವರ ಮೇಲೆ ಎಲ್ಲಿಲ್ಲದ ಪ್ರೀತಿ ಈಗ. ಕೇಳಿಕೊಳ್ಳುವಾಗ ಅವನ ಧ್ವನಿ ಸಣ್ಣದಾಯಿತು. ಹಾಗೆ ಅವನು ಕೈ ಚಾಚಿದ್ದನ್ನು ನೋಡಿದಾಗ ನನಗೆ ಹೊಟ್ಟೆ ಅರ್ಧ ತಣ್ಣಗಾಯಿತು.

ಸೆಪ್ಟೆಂಬರ್ 20, ಭಾನುವಾರ

ಬಹಳ ದಿನದ ಮೇಲೆ ಭೇಟಿಗೆ ಹೋದೆ. ಫೆರ್ಮಿನ್ ಗಡ್ಡ ಬಿಟ್ಟಿದ್ದಾನೆ, ಗಡ್ಡದಲ್ಲಿ ಬಿಳಿ. ನಾನು ಮಂಡಳಿಯ ಕಥೆ ಹೇಳಿದೆ. ಯಾರು ನಮ್ಮ ಕಡೆ, ಯಾರು ಅವನ ಕಡೆ, ಯಾರನ್ನು ಇನ್ನೂ ಎಳೆದುಕೊಳ್ಳಬೇಕು, ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ಆಮೇಲೆ ಹೇಳಿದ:

"ಓತಿಲಿಯಾ, ನವೆಂಬರ್ ಹತ್ತೊಂಬತ್ತರವರೆಗೆ ಇದನ್ನು ಬಿಟ್ಟುಬಿಡು. ಆಮೇಲೆ ಏನು ಬೇಕಾದರೂ ಮಾಡು, ನಾನೂ ಬರ್ತೀನಿ ಜೊತೆಗೆ."

"ಮುಚ್ಚಿದರೆ ನಿನ್ನ ಬಿಡ್ತಾರೆ. ಎಲ್ಲರೂ ಹೇಳ್ತಿದ್ದಾರೆ."

"ಕಂಪಾದ್ರೆ ಹೇಳ್ತಾರೆ, ಬಿಡಲ್ಲ, ಬೇರೆ ರಾಜ್ಯಕ್ಕೆ ಸಾಗಿಸೋಕೆ ಬಸ್ಸು ತರ್ತಾರೆ ಅಂತ."

ಕಂಪಾದ್ರೆ ಹೇಳುತ್ತಾರೆ. ಹೆಂಡತಿ ಹೇಳಿದ್ದು ಬೇಡ, ಒಳಗೆ ಹಾಕಿದವನು ಹೇಳಿದ್ದು ವೇದವಾಕ್ಯ. ಅವನು ನಿನ್ನನ್ನು ಮಾರಿದ ಎಂದು ಒಂದು ಸಲ, ಒಂದೇ ಒಂದು ಸಲ ನಿನ್ನ ಬಾಯಿಂದ ಹೇಳು ಎಂದೆ. ಫೆರ್ಮಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಯಾರೆಲಿಯ ಹಲ್ಲಿನ ತಂತಿ ಬಿಗಿ ಮಾಡಿಸಿದೆಯಾ ಎಂದು ಕೇಳಿದ. ಮರೆತೇಹೋಗಿತ್ತು. ಮಾಡಿಸಿದೆ ಎಂದೆ.

ಸೆಪ್ಟೆಂಬರ್ 27, ಭಾನುವಾರ

ಎಲ್ವಿರಾ ಮನೆಗೆ ಬಂದಳು, ಕೈಯಲ್ಲಿ ಮಾಂಸದ ಸಾರಿನ ಪಾತ್ರೆ. ನಾವಿಬ್ಬರೂ ಒಂದೇ ಒಲೆಯ ಮುಂದೆ ಎಷ್ಟು ಹಬ್ಬಗಳ ಅಡುಗೆ ಮಾಡಿಲ್ಲ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು.

"ಬಸ್ಸು ಮೂರು ಸಲ ಬಂದು ಹೋಗಿದೆ, ಓತಿಲಿಯಾ. ಮೂರು ಸಲವೂ ಫೆರ್ಮಿನ್ ಹೆಸರು ಇತ್ತು. ಕೆಮ್ಮು ಅಂತ ಒಂದು ಸಲ, ಅಡುಗೆಮನೆಗೆ ಬೇಕು ಅಂತ ಒಂದು ಸಲ, ಏನೋ ಒಂದು ಹೇಳಿ ಇವರು ತಡೆದಿದ್ದಾರೆ. ಜೈಲು ಇರೋವರೆಗೆ ತಡೀಬಹುದು. ಜೈಲೇ ಇಲ್ಲ ಅಂದರೆ ಏನು ತಡೀತಾರೆ?"

ಎಷ್ಟು ಚೆನ್ನಾಗಿ ಹೇಳಿಕೊಟ್ಟು ಕಳಿಸಿದ್ದಾನೆ. ಚುನಾವಣೆ ಹತ್ತಿರ ಬಂದಹಾಗೆ ಹೆಂಡತಿಯ ಕೈಲಿ ಸಾರು ಕಳಿಸುವ ಬುದ್ಧಿ ಬಂತು. ನಿಮ್ಮ ಯಜಮಾನರಿಗೆ ಮತ ಬೇಕಿದ್ದರೆ ಅವರೇ ಬಂದು ಕೇಳಲಿ ಎಂದು ಬಾಗಿಲು ಹಾಕಿದೆ. ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದಳು. ಅಷ್ಟನ್ನೂ ತೊಟ್ಟಿಗೆ ಸುರಿದೆ.

ಹ್ಯಾಲೊರಾನ್ ವಕೀಲೆಯೂ ಫೋನ್ ಮಾಡಿದ್ದರು. ಮಂಡಳಿ ಡಿಸೆಂಬರ್‌ವರೆಗೆ ಸಮಯ ಕೊಟ್ಟರೆ ಒಪ್ಪಿಕೊಳ್ಳಿ, ಇಲ್ಲವಾದರೆ ಸುಮ್ಮನಿರಿ, ನಿಮಗೆ ಕೈಮುಗಿಯುತ್ತೇನೆ ಎಂದರು. ವಕೀಲರಿಗೆ ಎಲ್ಲದಕ್ಕೂ ಭಯ.

ಅಕ್ಟೋಬರ್ 6, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ಒಂದು ಮಾತೂ ಬಿಡದೆ.

ಸಭಾಂಗಣ ತುಂಬಿತ್ತು. ಅವನ ಕಡೆಯವರು ಅವನ ಹೆಸರಿನ ನೀಲಿ ಟೋಪಿ ಹಾಕಿಕೊಂಡು ಬಲಕ್ಕೆ, ನಾವು ಎಡಕ್ಕೆ. ಯಾರೆಲಿ ನನ್ನ ಪಕ್ಕದಲ್ಲಿದ್ದಳು. ಇನ್ನೊಂದು ಪಕ್ಕದಲ್ಲಿ ಹೊಂಡುರಾಸಿನ ಹೆಂಗಸು, ಅವಳ ಅಣ್ಣನೂ ಮೂರನೇ ಮಹಡಿಯಲ್ಲಿದ್ದಾನೆ.

ವಿಟ್‌ಕಾಂಬ್ ಕನ್ನಡಕ ಒರೆಸಿಕೊಂಡು ಒಂದು ರಾಜಿ ಓದಿದ. ಇವತ್ತಿನಿಂದ ಹೊಸಬರನ್ನು ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ. ಈಗ ಒಳಗಿರುವವರು ತಮ್ಮ ತಮ್ಮ ವಿಚಾರಣೆ ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಡಿಸೆಂಬರ್ ಕೊನೆಗೆ ಮಹಡಿಗೆ ಬೀಗ. ನಮ್ಮ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸಿದರು. ಹೊಂಡುರಾಸಿನವಳು ಶಿಲುಬೆಯ ಗುರುತು ಹಾಕಿಕೊಂಡಳು. ಬಲಗಡೆಯವರೂ ತಲೆ ಆಡಿಸಿದರು. ನಜಾರಿಯೊ ಕಣ್ಣು ಮುಚ್ಚಿ ಉಸಿರು ಬಿಟ್ಟ. ಆ ಉಸಿರನ್ನು ನಾನು ಕಂಡೆ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡು ಶೆರಿಫ್ ಆಗುತ್ತಾನೆ, ಆಮೇಲೆ ಚರ್ಚಿನ ಮೊದಲ ಬೆಂಚಿನಲ್ಲಿ ಕೂರುತ್ತಾನೆ.

ಇನ್ನು ಯಾರಾದರೂ ಮಾತಾಡುವವರಿದ್ದಾರಾ ಎಂದು ವಿಟ್‌ಕಾಂಬ್ ಕೇಳಿದ, ಕೇಳಬೇಕಲ್ಲ ಎಂದು ಕೇಳಿದ. ನಾನು ಎದ್ದೆ. ಹೊಂಡುರಾಸಿನವಳು ನನ್ನ ಕೋಟು ಹಿಡಿದು ಎಳೆದಳು. ಬಿಡಿಸಿಕೊಂಡು ಹೋದೆ.

"ನನ್ನ ಗಂಡ ಮೇಲಿದ್ದಾನೆ," ಎಂದೆ. "ಕಾಯಬೇಕಾದವಳು ನಾನು. ನಾನೇ ಕಾಯಲ್ಲ ಅಂತಿದ್ದೀನಿ, ನೀವು ಯಾರಿಗೋಸ್ಕರ ಕಾಯ್ತೀರಿ? ಇದು ತಪ್ಪು ಅಂತ ರಾಜ್ಯವೇ ಹೇಳಿದೆ. ತಪ್ಪು ಅಂತ ಗೊತ್ತಿದ್ದೂ ಕ್ರಿಸ್‌ಮಸ್‌ವರೆಗೆ ಮಾಡ್ತೀವಿ ಅನ್ನೋರು ನೀವು. ಇನ್ನೊಬ್ಬರ ಹೆಂಡ್ತಿ ಮಕ್ಕಳ ಕಣ್ಣೀರಿಂದ ಇನ್ನೂ ಮೂರು ತಿಂಗಳು ಬಾಡಿಗೆ ತಗೋತೀರಿ. ಕ್ಯಾಪ್ಟನ್‌ಗೆ ಚುನಾವಣೆ ಇದೆ ಅಂತ ನನ್ನ ಗಂಡ ಅಲ್ಲಿ ಮಲಗಿರಬೇಕಾ? ನಿಲ್ಲಿಸೋದಾದರೆ ಇವತ್ತು ನಿಲ್ಲಿಸಿ. ಇಲ್ಲ ಅಂದರೆ ನಮಗೆ ಇದರಿಂದ ಸಿಗೋ ದುಡ್ಡು ಬೇಕು ಅಂತ ಬಾಯಿಬಿಟ್ಟು ಹೇಳಿ."

ಹಳದಿ ದೀಪವೂ ಬಂದಿರಲಿಲ್ಲ. ಬಡವರ ಬೀದಿಗಳಿಂದ ಆರಿಸಿಬಂದ ಸದಸ್ಯೆಯೊಬ್ಬಳು ಕಣ್ಣೊರೆಸಿಕೊಂಡು, ಈ ತಾಯಿಯ ಮುಂದೆ ನನಗೆ ರಾಜಿ ಎನ್ನಲು ನಾಚಿಕೆಯಾಗುತ್ತದೆ ಎಂದು ತಿದ್ದುಪಡಿ ತಂದಳು. ಅಕ್ಟೋಬರ್ ಮೂವತ್ತರೊಳಗೆ ಮಹಡಿ ಖಾಲಿ. ಐದು ಕೈ ಮೇಲೆ, ನಾಲ್ಕು ಕೆಳಗೆ.

ನಜಾರಿಯೊ ಮೈಕಿಲ್ಲದೆಯೇ ಎದ್ದು ನಿಂತ. ನನ್ನನ್ನು ನೋಡಿದ, ಕೂತುಬಿಟ್ಟ. ಅವನ ಮುಖದಲ್ಲಿ ರಕ್ತ ಇರಲಿಲ್ಲ. ಆ ಮುಖವನ್ನು ನಾನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಯಬೇಕು. ಇಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಹೊಂಡುರಾಸಿನವಳು ಹೇಳದೆ ಹೊರಟುಹೋದಳು. ಯಾರೆಲಿ ದಾರಿಯುದ್ದಕ್ಕೂ ಮಾತಾಡಲಿಲ್ಲ, ಸುಸ್ತಾಗಿರಬೇಕು.

ಅಕ್ಟೋಬರ್ 11, ಭಾನುವಾರ

ಫೆರ್ಮಿನ್‌ಗೆ ಮುಚ್ಚುವ ಸುದ್ದಿ ಮಾತ್ರ ಗೊತ್ತು. ಯಾರು ಎದ್ದು ಏನು ಹೇಳಿದರು ಎಂಬುದು ಒಳಗೆ ಮುಟ್ಟಿಲ್ಲ. ಮಂಡಳಿ ತೀರ್ಮಾನ ಮಾಡಿತು ಎಂದೆ. ಅವನು, ಕಂಪಾದ್ರೆ ಏನಾದರೂ ದಾರಿ ನೋಡುತ್ತಾರೆ ಬಿಡು, ನೀನು ಹೆದರಬೇಡ ಎಂದ.

ನಾನು ಹೆದರಿರಲಿಲ್ಲ. ಮುಖ್ಯ ಬೀದಿಯಲ್ಲಿ ನಜಾರಿಯೊನ ಚುನಾವಣೆಯ ಚಿತ್ರಕ್ಕೆ ಯಾರೋ ಮಸಿ ಬಳಿದಿದ್ದರು. ಅದನ್ನು ಹೇಳಿ ನಕ್ಕೆ. ಫೆರ್ಮಿನ್ ನಗಲಿಲ್ಲ.

ಅಕ್ಟೋಬರ್ 24, ಶನಿವಾರ

ಮೂರನೇ ಮಹಡಿಯಿಂದ ಇಬ್ಬರನ್ನು ಕಾಲಿಗೆ ಪಟ್ಟಿ ಕಟ್ಟಿ ಮನೆಗೆ ಬಿಟ್ಟರು. ನೋಡಿ, ನಾನು ಹೇಳಿರಲಿಲ್ಲವಾ. ಫೆರ್ಮಿನ್‌ನ ಅಂಗಿಗಳನ್ನು ಇಸ್ತ್ರಿ ಮಾಡಿ ಇಟ್ಟೆ. ಟ್ರಕ್ಕಿನ ದೀಪ ಹಾಕಿಸಿದೆ.

ಅಕ್ಟೋಬರ್ 29, ಗುರುವಾರ

ಬೆಳಕು ಹರಿಯುವ ಮುಂಚೆಯೇ ಬಸ್ಸುಗಳು ಬಂದು ಹೋಗಿದ್ದವು. ಶೆಡ್ಡಿನಲ್ಲಿ ಯಾರೋ ಹೇಳಿದರು, ಕೈಯಲ್ಲಿದ್ದ ಚಾಕು ಬಿಸಾಕಿ ಓಡಿದೆ. ಜೈಲಿನ ಹಿಂದಿನ ಅಂಗಳದಲ್ಲಿ ಟಯರಿನ ಗುರುತು, ಬಿದ್ದ ಕಾಗದದ ಲೋಟಗಳು, ಬೇರೇನೂ ಇಲ್ಲ. ಹೊಂಡುರಾಸಿನವಳು ಬೇಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು. ಮುಖ ಆ ಕಡೆ ತಿರುಗಿಸಿಕೊಂಡಳು.

ನಜಾರಿಯೊ ಹೊರಗೆ ಬಂದ. ಅವನ ಮೈಮೇಲೆ ಕೋಟಿರಲಿಲ್ಲ.

"ಲೂಸಿಯಾನಾ ರಾಜ್ಯಕ್ಕೆ ಕರ್ಕೊಂಡು ಹೋದರು, ಕೊಮಾದ್ರೆ. ಈ ಸಲ ಎಲ್ಲರ ಹೆಸರೂ ಇತ್ತು. ಯಾರನ್ನು ಎಲ್ಲಿ ಇಟ್ಟುಕೊಳ್ಳಲಿ, ಜಾಗವೇ ಇಲ್ಲ. ಚಳಿ ಅಂತ ಕಂಪಾದ್ರೆಗೆ ನನ್ನ ಕೋಟು ಹಾಕಿ ಕಳಿಸಿದೆ."

"ನೀನು ಹಾಕಿದ್ದು ಕೋಟಲ್ಲ ಕಣೋ, ಹೆಣದ ಬಟ್ಟೆ," ಎಂದೆ. ಜೀವಮಾನದಲ್ಲಿ ಮೊದಲನೇ ಸಲ ಅವನನ್ನು ನೀನು ಎಂದೆ. ಅವನು ಏನಾದರೂ ಹೇಳಲಿ ಎಂದು ಕಾದೆ. ಎಲ್ಲ ನಿನ್ನಿಂದಲೇ ಎನ್ನಲಿ, ಹಾಗೆಂದ ಕೂಡಲೇ ಉಗಿಯೋಣ ಎಂದು ಬಾಯಲ್ಲಿ ಎಂಜಲು ಸಿದ್ಧ ಮಾಡಿಕೊಂಡಿದ್ದೆ. ಅವನು ತಲೆ ತಗ್ಗಿಸಿ ಒಳಗೆ ಹೋದ. ಅಪರಾಧಿಯಲ್ಲದವನು ತಲೆ ಏಕೆ ತಗ್ಗಿಸುತ್ತಾನೆ.

ನವೆಂಬರ್ 3, ಮಂಗಳವಾರ

ಸೋತ. ಮಣ್ಣು ಮುಕ್ಕಿದ. ನಮ್ಮವರು ಅರ್ಧ ಜನ ಮತ ಹಾಕಲೇ ಹೋಗಲಿಲ್ಲ, ಬಿಳಿಯರು ಅವನಿಗೆ ಹಾಕಲಿಲ್ಲ. ಗೆದ್ದವನು ಗಡಿಯಾಚೆಯವರನ್ನು ಒಬ್ಬರನ್ನೂ ಬಿಡುವುದಿಲ್ಲ ಎಂದು ಟಿವಿಯಲ್ಲಿ ಹಲ್ಲು ಕಿರಿಯುತ್ತಿದ್ದ, ಅವನ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಬೇಕರಿಯಿಂದ ಕೇಕು ತಂದಿದ್ದೆ. ಯಾರೆಲಿ ಮುಟ್ಟಲಿಲ್ಲ. ಎರಡು ತುಂಡು ತಿಂದೆ.

ನವೆಂಬರ್ 19, ಗುರುವಾರ

ಇವತ್ತು ವಿಚಾರಣೆ ಇರಬೇಕಿತ್ತು. ನಗರದ ನ್ಯಾಯಾಲಯ ಕೈ ತೊಳೆದುಕೊಂಡಿದೆ. ಕಡತ ಲೂಸಿಯಾನಾಗೆ ಹೋಗಿದೆ, ಹೊಸ ದಿನಾಂಕ ಮುಂದಿನ ಬೇಸಿಗೆಗೆ ಬಂದರೆ ಪುಣ್ಯ ಎಂದು ಹ್ಯಾಲೊರಾನ್ ಹೇಳಿದರು. ಅಲ್ಲಿಯ ನ್ಯಾಯಾಧೀಶ ಪರದೆಯ ಮೇಲೆ ನೋಡಿ ನಿಮಿಷಗಳಲ್ಲಿ ತೀರ್ಪು ಕೊಡುತ್ತಾನಂತೆ. ನಿಧಾನವಾಗಿ ಮಾತಾಡಿದರು, ಅವರು ನಿಧಾನವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಶೆಡ್ಡಿನಲ್ಲಿ ಬೆರಳು ಕೊಯ್ದುಕೊಂಡೆ. ಎಲ್ವಿರಾ ತರಕಾರಿ ಅಂಗಡಿಯಲ್ಲಿ ಸಿಕ್ಕಿದಳು. ನಜಾರಿಯೊ ರಾಜೀನಾಮೆ ಕೊಟ್ಟು ಮನೆಯಲ್ಲೇ ಕೂತಿದ್ದಾನಂತೆ, ಊಟ ಸೇರುವುದಿಲ್ಲವಂತೆ. ಅವಳು ನನಗೆ ಹೇಳಿದ್ದಲ್ಲ, ಅಂಗಡಿಯವಳಿಗೆ ಹೇಳುತ್ತಿದ್ದಳು. ಟೊಮೆಟೊ ಆರಿಸುತ್ತಾ ಪೂರ್ತಿ ಕೇಳಿಸಿಕೊಂಡೇ ಬಂದೆ.

ನವೆಂಬರ್ 29, ಭಾನುವಾರ

ಫೆರ್ಮಿನ್ ಫೋನ್ ಮಾಡಿದ. ಧ್ವನಿ ಬಾವಿಯ ತಳದಿಂದ ಬಂದ ಹಾಗಿತ್ತು. ನಾಳೆ ಸಹಿ ಹಾಕುತ್ತಾನಂತೆ, ತಾನಾಗಿಯೇ ದೇಶ ಬಿಟ್ಟು ಹೋಗುತ್ತೇನೆ ಎಂದು. ಇನ್ನೊಂದು ವರ್ಷ ಇಲ್ಲಿ ಕೂರಲು ನನ್ನ ಕೈಲಾಗುವುದಿಲ್ಲ, ಹಳ್ಳಿಗೆ ಹೋಗಿ ಅಮ್ಮನ ಮನೆಯ ಮಾಡು ಸರಿಮಾಡಿಕೊಂಡು ಇರುತ್ತೇನೆ, ಯಾರೆಲಿಯ ಓದು ನಿಲ್ಲಿಸಬೇಡ ಎಂದ. ಬೇಡ ಎಂದು ಅತ್ತೆ. ಎಷ್ಟು ಅತ್ತರೂ ಅವನು ಅದನ್ನೇ ಹೇಳಿದ. ಆಮೇಲೆ ಕೇಳಿದ:

"ಹತ್ತೊಂಬತ್ತರವರೆಗೆ ಹೇಗಾದರೂ ಇಲ್ಲೇ ಇಟ್ಟುಕೊಳ್ತೀನಿ ಅಂತ ಕಂಪಾದ್ರೆ ಮಾತು ಕೊಟ್ಟಿದ್ದರು. ಡಿಸೆಂಬರ್‌ವರೆಗೆ ಸಮಯ ಇತ್ತಂತಲ್ಲ. ಇಲ್ಲಿ ಹುಡುಗರು ದಿನಾ ಶಾಪ ಹಾಕ್ತಾರೆ, ಯಾರೋ ಒಬ್ಬರು ಅವಸರ ಮಾಡಿದರು ಅಂತ. ಏನಾಯ್ತು, ಓತಿಲಿಯಾ? ಯಾರು ಮಾಡಿದ್ದು?"

ಒಂದು ಲೋಟ ನೀರು ಕುಡಿದೆ.

"ಬಸ್ಸಿನ ಹತ್ತಿರ ನಿನ್ನ ಹೆಸರು ಕೂಗಿದ್ದು ಯಾರು?" ಎಂದೆ.

"ಕಂಪಾದ್ರೆ."

"ಕೈ ಹಿಡಿದು ಹತ್ತಿಸಿದ್ದು?"

"ಅವರೇ."

"ಮತ್ತೆ ನನ್ನನ್ನ ಏನು ಕೇಳ್ತೀಯಾ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಹತ್ತಿಸಿದ್ದು ಅವನೇ. ಫೋನಿನ ಆ ಕಡೆ ಗದ್ದಲ, ಯಾರೋ ಬಾಗಿಲು ಬಡಿಯುವುದು, ಯಾರೋ ಕೂಗುವುದು. ಆಮೇಲೆ ಫೆರ್ಮಿನ್, ಇಷ್ಟು ತಿಂಗಳಲ್ಲಿ ಒಂದು ಕೆಟ್ಟ ಮಾತು ಆಡದಿದ್ದ ಫೆರ್ಮಿನ್, ಹೇಳಿದ:

"ಆ ನಾಯಿ. ನಾನು ಅವನ ಕೋಟು ಹಾಕ್ಕೊಂಡು ಇಲ್ಲಿವರೆಗೆ ಬಂದೆ. ಮಗಳಿಗೆ ಹೇಳು, ಆ ಮನೆ ಮೆಟ್ಟಿಲು ತುಳಿಯೋದು ಬೇಡ. ಇವತ್ತಿಂದ ನನಗೆ ಕಂಪಾದ್ರೆ ಇಲ್ಲ."

ಜುಲೈಯಿಂದ ನಾನು ಕಾದದ್ದು ಈ ಒಂದು ಮಾತಿಗೆ. ಕೇಳಿಸಿಕೊಂಡೆ. ಇನ್ನೊಂದು ಸಲ ಹೇಳಿಸೋಣ ಅನ್ನಿಸಿತು, ಅಷ್ಟರಲ್ಲಿ ಸಮಯ ಮುಗಿದು ಫೋನು ಕಡಿದುಹೋಯಿತು.

ತಿರುಗಿ ನೋಡಿದರೆ ಯಾರೆಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪ ಏನು ಹೇಳಿದ ಎಂದು ಹೇಳಲು ಹೋದೆ.

"ಅಮ್ಮಾ, ಆವತ್ತು ಮೀಟಿಂಗಿನಲ್ಲಿ ನಾನೂ ಇದ್ದೆ," ಎಂದಳು. ಜೋರಾಗಿ ಹೇಳಲಿಲ್ಲ. ಶೂಸು ಹಾಕಿಕೊಂಡು ಹೊರಟಳು. ಕಿಟಕಿಯಿಂದ ನೋಡಿದೆ, ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದಳು. ಆ ಕಡೆ ಅವಳಿಗೆ ಗೊತ್ತಿರುವ ಮನೆ ಒಂದೇ.

ಸ್ವಲ್ಪ ಹೊತ್ತಿಗೆ ಎಲ್ವಿರಾ ಫೋನ್ ಮಾಡಿದಳು. ಹುಡುಗಿ ಇಲ್ಲಿದ್ದಾಳೆ, ಊಟ ಮಾಡುತ್ತಿದ್ದಾಳೆ, ನೀವು ಗಾಬರಿಯಾಗಬೇಡಿ ಎಂದಳು. ಯಾವಾಗ ಕಳಿಸುತ್ತೀರಿ ಎಂದೆ. ಅವಳನ್ನೇ ಕೇಳಿ ಎಂದು ಫೋನ್ ಕೊಟ್ಟಳು. ಯಾರೆಲಿಯ ಉಸಿರು ಕೇಳಿಸುತ್ತಿತ್ತು. ಮನೆಗೆ ಬಾ ಎಂದೆ. ಹಿಂದೆ ನಜಾರಿಯೊ, ಅಮ್ಮ ಕರೀತಿದ್ದಾರೆ, ಉತ್ತರ ಕೊಡು ಮಗಳೇ ಎನ್ನುವುದು ಕೇಳಿಸಿತು. ಅವಳು ಫೋನ್ ಇಟ್ಟುಬಿಟ್ಟಳು.

ಈಗ ನನ್ನ ಮಗಳನ್ನೂ ಕಿತ್ತುಕೊಂಡಿದ್ದಾನೆ. ನಾಳೆ ಕೆಲಸಕ್ಕೆ ಹೋಗುವುದಿಲ್ಲ. ಅವನಿಗೆ ಇನ್ನು ಏನು ಉಳಿದಿದೆ ಎಂದು ಕೂತು ಯೋಚನೆ ಮಾಡಬೇಕು.